ಹೇಳಿದ್ದು 35 ಸಾವಿರ, ಕೈಗೆ ಬಂದಿದ್ದು 27

ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್‌ನಿಂದ ಐದು ನಿಮಿಷ ನಡೆದರೆ ಒಂದು ಬೇಕರಿ. ಅದರ ಮೇಲಿನ ಮಹಡಿಯಲ್ಲಿ ಈ ಜಾಬ್ ಕನ್ಸಲ್ಟೆನ್ಸಿ. ಹೆಸರು ಬೇಡ ಬಿಡಿ. ರಿಜಿಸ್ಟ್ರೇಷನ್‌ಗೆ ಅಂತ 1,500 ರೂಪಾಯಿ ಕಟ್ಟಿದೆ. ರಸೀದಿ ಕೇಳಿದರೆ "ವಾಟ್ಸಾಪ್ ಮಾಡ್ತೀವಿ ಸರ್" ಅಂದರು. ಇನ್ನೂ ಬಂದಿಲ್ಲ.

ನಾನು ಇಂಡಸ್ಟ್ರಿಯಲ್ ಎಂಜಿನಿಯರ್. ಗಾರ್ಮೆಂಟ್ಸ್‌ನಲ್ಲಿ ಎರಡು ವರ್ಷ ಸ್ಟಾಪ್‌ವಾಚ್ ಹಿಡಿದು ನಿಂತವನು. ಒಂದೊಂದು ಹೊಲಿಗೆಗೆ ಎಷ್ಟು ಸಮಯ ಬೇಕು ಅಂತ ಅಳೆಯೋದು, ಅದರ ಮೇಲೆ ಟಾರ್ಗೆಟ್ ಹಾಕೋದು ನಮ್ಮ ಕೆಲಸ. ನಾವು ವಾಚ್ ತೆಗೆದ ಕೂಡಲೇ ಟೈಲರ್ ಅಕ್ಕಂದಿರ ಕೈ ನಿಧಾನ ಆಗುತ್ತದೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಕನ್ಸಲ್ಟೆನ್ಸಿಯವರು ನಮ್ಮದು ಮಷಿನ್ ರಿಪೇರಿ ಕೆಲಸ ಅಂದುಕೊಂಡಿದ್ದರು. ಮೊದಲ ಇಂಟರ್‌ವ್ಯೂಗೆ ಕಳಿಸಿದ ಕಡೆ ಬೇಕಾಗಿದ್ದು ಮೇಂಟೆನೆನ್ಸ್ ಫಿಟ್ಟರ್! ಸುಮ್ನೆ ಅರ್ಧ ದಿನದ ಸಂಬಳ ಹೋಯಿತು.

ಎರಡನೆಯದು ಸರಿಯಾದ ಜಾಗ. ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಮ್ಯಾನೇಜರ್ ಒಂದು ಹಾಳೆ ಮುಂದಿಟ್ಟರು. 40 ಟೈಲರ್, ತಲಾ 480 ನಿಮಿಷ, ಪೀಸ್‌ಗೆ ಸ್ಯಾಮ್ (ಒಂದು ಪೀಸ್ ಹೊಲಿಯೋಕೆ ನಿಗದಿಯಾದ ಸಮಯ) 12 ನಿಮಿಷ, ಬಂದಿದ್ದು 800 ಪೀಸ್. ಎಫಿಶಿಯೆನ್ಸಿ ಎಷ್ಟು? ಇದ್ದ 19,200 ನಿಮಿಷದಲ್ಲಿ ಆಗಿದ್ದು 9,600 ನಿಮಿಷದ ಕೆಲಸ, 50 ಪರ್ಸೆಂಟ್ ಅಂದೆ. "ಅದನ್ನ 60ಕ್ಕೆ ತರೋಕೇ ನಿಮ್ಮನ್ನ ತಗೊಳ್ತಿರೋದು" ಅಂದರು.

ಈಗ ಸಂಬಳ. ಕನ್ಸಲ್ಟೆನ್ಸಿ ಹೇಳಿದ್ದು "4.2 ಲಕ್ಷ ಸಿಟಿಸಿ, ಅಂದ್ರೆ ತಿಂಗಳಿಗೆ 35 ಸಾವಿರ". ಸಿಟಿಸಿ ಅಂದರೆ ಕಂಪನಿ ನನ್ನ ಮೇಲೆ ವರ್ಷಕ್ಕೆ ಹಾಕುವ ಒಟ್ಟು ಖರ್ಚು. 12ರಿಂದ ಭಾಗಿಸೋಕೆ ನನಗೂ ಬರುತ್ತದೆ. ರಿಸೆಪ್ಷನ್‌ನಲ್ಲಿದ್ದ ಹುಡುಗಿ ಮಾತ್ರ ಮೆಲ್ಲಗೆ "ಸಂಬಳದ ಬ್ರೇಕಪ್ ಕೇಳಿ ಸರ್" ಅಂದಳು. ಕೇಳಿದೆ. ಅದರಲ್ಲಿ 40,000 ವರ್ಷದ ಕೊನೆಯ ಇನ್ಸೆಂಟಿವ್, ಅದೂ ಟಾರ್ಗೆಟ್ ಮುಟ್ಟಿದರೆ. ತಿಂಗಳ ಬೇಸಿಕ್ 15,000. ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ದುಡ್ಡು) ಬೇಸಿಕ್‌ನ 4.81 ಪರ್ಸೆಂಟ್ ಲೆಕ್ಕದಲ್ಲಿ 721, ಎರಡೂ ಆ 4.2 ಲಕ್ಷದ ಒಳಗೇ. ಆಮೇಲೆ ನನ್ನ ಪಾಲಿನ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200. ಕೊನೆಗೆ ಕೈಗೆ 27,000 ಚಿಲ್ಲರೆ. ಪಿಎಫ್ ನನ್ನ ದುಡ್ಡೇ, ಬೇಜಾರಿಲ್ಲ. ಗ್ರಾಚ್ಯುಟಿ ಸಿಗಬೇಕಾದರೆ ಐದು ವರ್ಷ ಅಲ್ಲೇ ಇರಬೇಕು. ಗಾರ್ಮೆಂಟ್ಸ್‌ನಲ್ಲಿ ಐದು ವರ್ಷ ಒಂದೇ ಕಡೆ ಯಾರು ಇರುತ್ತಾರೆ ಹೇಳಿ?

ಹಳೇ ಕಡೆ 23,000 ಬರುತ್ತಿತ್ತು. ಹಾಗಾಗಿ ಸೇರಿಕೊಂಡೆ. ನಾಲ್ಕು ಸಾವಿರ ಜಾಸ್ತಿ ಆಯಿತು, ಸುಳ್ಳು ಹೇಳಲ್ಲ. ಆದರೆ 35 ನಂಬಿ ದಾಸರಹಳ್ಳಿಯಲ್ಲಿ ದೊಡ್ಡ ಮನೆಗೆ ಅಡ್ವಾನ್ಸ್ ಕೊಡೋದರಲ್ಲಿದ್ದೆ.

ಐದಕ್ಕೆ ಎರಡು ಸ್ಟಾರ್. ಒಂದು ಆ ಹುಡುಗಿಗೆ. ಇನ್ನೊಂದು ಕೆಳಗಿನ ಬೇಕರಿಯ ದಿಲ್‌ಪಸಂದ್‌ಗೆ.