ಪೀಣ್ಯದ ನಮ್ಮ ಮಷಿನ್ ಶಾಪಿಗೆ ಡಿಜಿಟಲ್ ಕೆಲಸ ಮಾಡ್ಕೊಟ್ಟ ಟೀಮ್ ಬಗ್ಗೆ

ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ನಮ್ಮದು ಮಷಿನಿಂಗ್ ಜಾಬ್ ವರ್ಕ್ ಯೂನಿಟ್. ಸಿಎನ್‌ಸಿ ಟರ್ನಿಂಗ್ ಸೆಂಟರ್‌ಗಳಿವೆ, ವಿಎಂಸಿ ಇವೆ (ಎರಡೂ ಕಂಪ್ಯೂಟರ್ ಪ್ರೋಗ್ರಾಮಲ್ಲಿ ಓಡೋ ಮಷಿನ್‌ಗಳು), ಜೊತೆಗೆ ಅಪ್ಪನ ಕಾಲದ ಎಚ್‌ಎಂಟಿ ಲೇತ್‌ಗಳೂ ಇನ್ನೂ ಓಡ್ತಾ ಇವೆ. ಪ್ರೊಡಕ್ಷನ್ ನಾನು ನೋಡ್ಕೊಳ್ತೀನಿ. ದೊಡ್ಡ ಕಸ್ಟಮರ್‌ಗಳು ಆಡಿಟ್‌ಗೆ ಬಂದಾಗೆಲ್ಲ ಲೈವ್ ಡೇಟಾ ಎಲ್ಲಿ, ಟ್ರೇಸೆಬಿಲಿಟಿ (ಯಾವ ಪೀಸ್ ಯಾವ ಮಷಿನಲ್ಲಿ ಯಾವಾಗ ಆಯ್ತು ಅನ್ನೋ ದಾಖಲೆ) ಎಲ್ಲಿ ಅಂತ ಕೇಳೋಕೆ ಶುರು ಮಾಡಿದ್ರು, ನಮ್ಮ ಹತ್ರ ಇದ್ದಿದ್ದು ಎಣ್ಣೆ ಕೈ ಹತ್ತಿದ ಜಾಬ್ ಕಾರ್ಡು, ಒಂದು ಎಕ್ಸೆಲ್ಲು, ಬಿಲ್ಲಿಂಗಿಗೆ ಟ್ಯಾಲಿ, ಮಿಕ್ಕಿದ್ದೆಲ್ಲ ವಾಟ್ಸಾಪ್ ಗ್ರೂಪು. ಹಾಗಾಗಿ ಮಷಿನ್‌ಗಳಿಗೆ ಸೆನ್ಸರ್ ಹಾಕಿ, ಓಡಿದ್ದು ನಿಂತಿದ್ದರ ಡೇಟಾ ಸ್ಕ್ರೀನಲ್ಲಿ ತೋರಿಸೋ ಈ ಟೀಮನ್ನ ಕರೆಸಿದ್ವಿ. ಚಿಕ್ಕ ಯೂನಿಟ್ ನಡೆಸೋರಿಗೆ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದವಾಗೇ ಬರೀತಾ ಇದೀನಿ.

ಇವರಿಗೂ ಮುಂಚೆ ಬೇರೆ ಕೆಲವ್ರು ಬಂದಿದ್ರು. ಲ್ಯಾಪ್‌ಟಾಪ್ ತೆಗೆದು ಬಣ್ಣ ಬಣ್ಣದ ಡ್ಯಾಶ್‌ಬೋರ್ಡ್ ತೋರಿಸಿ, ಹಳೆ ಮಷಿನ್ ಎಲ್ಲಾ ಮಾರಿ ಹೊಸದು ತಗೊಳ್ಳಿ ಅಂದ್ಬಿಟ್ಟು ಕೊಟೇಶನ್ ಇಟ್ಟು ಹೋದ್ರು, ಶಾಪ್ ಫ್ಲೋರ್ ಒಳಗೆ ಕಾಲೇ ಇಡ್ಲಿಲ್ಲ. ಇಂಡಸ್ಟ್ರಿ 4.0 (ಫ್ಯಾಕ್ಟರಿ ಮಷಿನ್‌ಗಳನ್ನ ನೆಟ್‌ವರ್ಕಿಗೆ ಜೋಡಿಸಿ ಡೇಟಾ ಮೇಲೆ ನಡೆಸೋದು) ಅನ್ನೋ ಮಾತು 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ಕೇಳಿಬಂದಿದ್ದು, ಅದನ್ನ ಅಲ್ಲಿಂದ ಎತ್ತಿ ತಂದು ಪೀಣ್ಯದ ಶೀಟ್ ಶೆಡ್ಡಲ್ಲಿ ಹಾಗೇ ಇಡೋಕಾಗಲ್ಲ ಅನ್ನೋದು ಅವ್ರಿಗೆ ಗೊತ್ತಿರ್ಲಿಲ್ಲವೋ ಏನೋ.

ಈ ಟೀಮ್ ಬಂದಾಗ ಮೊದಲು ಪ್ಯಾಡು ಪೆನ್ನು ಹಿಡ್ಕೊಂಡು ಮಷಿನ್ ಪಕ್ಕ ನಿಂತ್ರು. ಎರಡೂ ಶಿಫ್ಟಲ್ಲಿ. ಮಷಿನ್ ಯಾವಾಗ ನಿಲ್ತು, ಯಾಕೆ ನಿಲ್ತು, ಮತ್ತೆ ಯಾವಾಗ ಶುರುವಾಯ್ತು ಅಂತ ಬರೀತಾ ಹೋದ್ರು. ಸಾಫ್ಟ್‌ವೇರ್ ಮಾತೇ ಎತ್ತಲಿಲ್ಲ. ನಮಗೊಂದು ಐಡಿಯಾ ಬರ್ಲಿ ಅಂತ ತುಮಕೂರು ರೋಡಲ್ಲಿರೋ, ಮಷಿನ್ ಟೂಲ್ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ ಸಿಎಂಟಿಐಗೂ ಹೋಗಿ ನೋಡ್ಕೊಂಡು ಬನ್ನಿ ಅಂದ್ರು. ಅಲ್ಲಿ ಕೇಂದ್ರ ಸರ್ಕಾರದ ಸಮರ್ಥ್ ಉದ್ಯೋಗ್ ಸ್ಕೀಮಲ್ಲಿ ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್ ಡೆಮೊ ಸೆಲ್ ಮಾಡಿದಾರೆ, ಐಐಎಸ್‌ಸಿಯಲ್ಲೂ ಅದೇ ಸ್ಕೀಮಿನ ಸೆಂಟರ್ ಇದೆ. ಬೆಂಗಳೂರಲ್ಲೇ ಇಷ್ಟು ಹತ್ರ ಇಟ್ಕೊಂಡು ನಮ್ಮ ಏರಿಯಾದ ಎಷ್ಟೋ ಓನರ್‌ಗಳು ಆ ಕಡೆ ತಿರುಗಿ ನೋಡಲ್ಲ ಅನ್ನೋದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ.

ಆಮೇಲೆ ಓಇಇ ಲೆಕ್ಕ ಹೇಳ್ಕೊಟ್ರು, ಅಂದ್ರೆ ಮಷಿನ್‌ನಿಂದ ಬರಬೇಕಾದ್ದರಲ್ಲಿ ನಿಜವಾಗಿ ಎಷ್ಟು ಪರ್ಸೆಂಟ್ ಒಳ್ಳೆ ಪೀಸ್ ಬಂತು ಅನ್ನೋದು. ಆಪರೇಟರ್‌ಗಳನ್ನೂ ಕೂರಿಸಿಕೊಂಡು, ಬೋರ್ಡಲ್ಲಿ, ಕನ್ನಡದಲ್ಲಿ. ಅವ್ರು ಹಾಕಿದ ಉದಾಹರಣೆ ಇದು. ಶಿಫ್ಟಲ್ಲಿ ಊಟ ತೆಗೆದು 450 ನಿಮಿಷ ಮಷಿನ್ ಓಡಬೇಕು, ಓಡಿದ್ದು 360, ಅಂದ್ರೆ 80 ಪರ್ಸೆಂಟ್. ಒಂದು ಪೀಸಿಗೆ 3 ನಿಮಿಷ ಅಂದ್ರೆ ಆ 360ರಲ್ಲಿ 120 ಪೀಸ್ ಬರಬೇಕು, ಬಂದಿದ್ದು 102, ಅದು 85 ಪರ್ಸೆಂಟ್. ಅದರಲ್ಲಿ ಓಕೆ ಆಗಿದ್ದು 99, ಅದು 97. ಮೂರನ್ನೂ ಗುಣಿಸಿದ್ರೆ ಸುಮಾರು 66. ಒಂದೊಂದನ್ನೇ ನೋಡಿದ್ರೆ ಪರವಾಗಿಲ್ಲ ಅನ್ಸುತ್ತೆ, ಒಟ್ಟಿಗೆ ಹಾಕಿದಾಗ ಮೂರರಲ್ಲಿ ಒಂದು ಪಾಲು ಹೊತ್ತು ಸೋರಿ ಹೋಗಿರುತ್ತೆ. ಪುಸ್ತಕದಲ್ಲಿ 85 ಬಂದ್ರೆ ವರ್ಲ್ಡ್ ಕ್ಲಾಸ್ ಅಂತಾರಲ್ಲ, ಅದನ್ನ ಗೋಡೆ ಮೇಲೆ ಬರೆದು ಹುಡುಗರನ್ನ ಹೆದರಿಸಬೇಡಿ, ನಿಮ್ಮ ಹೋದ ತಿಂಗಳಿನ ನಂಬರ್ ಜೊತೆ ಮಾತ್ರ ಹೋಲಿಸ್ಕೊಳ್ಳಿ ಅಂತ ಅವ್ರೇ ಹೇಳಿದ್ರು. ಈ ಮಾತು ನನಗೆ ತುಂಬಾ ಹಿಡಿಸ್ತು.

ಹಳೆ ಲೇತ್‌ಗೆ ಏನ್ಮಾಡ್ತಾರೆ ಅಂತ ತುಂಬಾ ಜನ ಕೇಳ್ತಾರೆ. ಅದಕ್ಕೆ ನೆಟ್‌ವರ್ಕ್ ಪೋರ್ಟ್ ಎಲ್ಲಿಂದ ಬರ್ಬೇಕು. ಇವ್ರು ಪ್ಯಾನೆಲ್ ತೆಗೆದು ಸ್ಪಿಂಡಲ್ ಮೋಟರಿಗೆ ಹೋಗೋ ವೈರಿಗೆ ಒಂದು ಸಿಟಿ ಕ್ಲ್ಯಾಂಪ್ (ಕರೆಂಟ್ ಅಳೆಯೋ ಸೆನ್ಸರ್) ಸಿಕ್ಕಿಸಿದ್ರು, ಬೆರಳಿಗೆ ಉಂಗುರ ಹಾಕ್ದಂಗೆ, ವೈರ್ ಕಟ್ ಮಾಡೋ ಹಂಗೇ ಇಲ್ಲ. ಮೋಟರ್ ಎಷ್ಟು ಆಂಪಿಯರ್ ಎಳೀತಿದೆ ಅಂತ ಅದು ನೋಡುತ್ತೆ. ಆಫ್ ಇದ್ರೆ ಸೊನ್ನೆ, ಖಾಲಿ ತಿರುಗ್ತಿದ್ರೆ ಸ್ವಲ್ಪ, ಟೂಲ್ ಮೆಟಲ್‌ಗೆ ಕಚ್ಚಿದ ತಕ್ಷಣ ಜಾಸ್ತಿ. ಅಷ್ಟರಲ್ಲೇ ಓಡ್ತಿದ್ಯಾ, ಸುಮ್ನೆ ತಿರುಗ್ತಿದ್ಯಾ, ನಿಂತಿದ್ಯಾ ಅನ್ನೋದು ಗೊತ್ತಾಗ್ಬಿಡುತ್ತೆ. ಹೊಸ ಸಿಎನ್‌ಸಿಗಳಿಗೆ ಕಂಟ್ರೋಲರ್‌ನಿಂದಾನೇ ಡೇಟಾ ತಗೊಂಡ್ರು. ವಿಎಫ್‌ಡಿ (ಮೋಟರ್ ಸ್ಪೀಡ್ ಕಂಟ್ರೋಲ್ ಮಾಡೋ ಡ್ರೈವ್) ಪಕ್ಕದಲ್ಲಿ ಸಿಗ್ನಲ್ ಹುಚ್ಚಾಪಟ್ಟೆ ಬರ್ತಿತ್ತು, ಶೀಲ್ಡ್ ಇರೋ ಕೇಬಲ್ ಹಾಕಿ ಬೇರೆ ದಾರೀಲಿ ಎಳೆದ್ಮೇಲೆ ಸರಿಹೋಯ್ತು. ಸೆನ್ಸರ್‌ಗಳ ಡೇಟಾ ಕೂಡಿಸಿ ಇಂಟರ್ನೆಟ್ಟಿಗೆ ಕಳಿಸೋ ಡಬ್ಬಿಗೆ ಗೇಟ್‌ವೇ ಅಂತಾರೆ, ಕರೆಂಟ್ ಹೋದ್ರೂ ಅದಕ್ಕೆ ಚಿಕ್ಕ ಯುಪಿಎಸ್ ಇದೆ, ಇಂಟರ್ನೆಟ್ ಇಲ್ದಿದ್ರೆ ಡೇಟಾನ ತನ್ನಲ್ಲೇ ಇಟ್ಕೊಂಡು ಆಮೇಲೆ ಕಳಿಸುತ್ತೆ.

ಮಷಿನ್ ನಿಂತಿದೆ ಅಂತ ಸೆನ್ಸರ್ ಹೇಳುತ್ತೆ, ಯಾಕೆ ಅಂತ ಹೇಳೋದು ಮನುಷ್ಯನೇ. ಅದಕ್ಕೆ ಪ್ರತಿ ಮಷಿನ್ ಪಕ್ಕ ಚಿಕ್ಕ ಬಟನ್ ಬಾಕ್ಸ್ ಇಟ್ರು: ಸೆಟ್ಟಿಂಗ್, ಟೂಲ್ ಬದಲಾವಣೆ, ಮೆಟೀರಿಯಲ್ ಇಲ್ಲ, ಇನ್‌ಸ್ಪೆಕ್ಷನ್‌ಗೆ ಕಾಯ್ತಾ ಇದೆ, ರಿಪೇರಿ, ಎಲ್ಲಾ ಕನ್ನಡದಲ್ಲಿ. ಇದಕ್ಕೆ ಮೊದಲು ನಮ್ಮ ಹಿರಿಯ ಆಪರೇಟರ್ ಒಬ್ರು ನೇರವಾಗೇ ಕೇಳಿದ್ರು, "ಮೇಡಂ, ನಾವು ಟೀ ಕುಡಿಯೋಕೆ ಹೋದ್ರೆ ಲೆಕ್ಕ ಇಡೋಕಾ ಇದು?" ಟೀಮ್ ಲೀಡ್ ಉತ್ತರ ಕೊಡೋ ಮುಂಚೆ ನನ್ನ ಕಡೆ ನೋಡಿದ್ರು. ಸ್ಕ್ರೀನಲ್ಲಿ ಮಷಿನ್ ನಂಬರ್ ಮಾತ್ರ ಬರುತ್ತೆ, ಯಾರ ಹೆಸರೂ ಬರಲ್ಲ, ಈ ಡೇಟಾ ಇಟ್ಕೊಂಡು ಯಾರ ಸಂಬಳಾನೂ ಮುಟ್ಟಲ್ಲ ಅಂತ ನನ್ನ ಬಾಯಲ್ಲೇ ಎಲ್ಲರ ಮುಂದೆ ಹೇಳಿಸಿದ್ರು, ಆಮೇಲೆ ಬರೆದು ಬೋರ್ಡಿಗೂ ಹಾಕಿಸಿದ್ರು. ಅವತ್ತಿಂದ ಬಟನ್ ಸರಿಯಾಗಿ ಒತ್ತೋಕೆ ಶುರುವಾಯ್ತು. ಆಪರೇಟರ್‌ಗಳು ಭಯಕ್ಕೆ ಸುಳ್ಳು ಬಟನ್ ಒತ್ತಿದ್ರೆ ಎಷ್ಟು ಲಕ್ಷದ ಸಿಸ್ಟಮ್ ಇದ್ರೂ ಕಸಾನೇ ತಾನೆ.

ಅದರಿಂದ ಸಿಕ್ಕಿದ್ದೇನು ಗೊತ್ತಾ? ಸೆಕೆಂಡ್ ಶಿಫ್ಟ್ ಶುರುವಾದಾಗ ಹೊಸ ಸೆಟ್ಟಿಂಗ್‌ಗಳೆಲ್ಲ ಒಟ್ಟಿಗೆ ಮುಗೀತಿದ್ವು, ಎಲ್ಲರೂ ಹೊಸ ಸೆಟ್ಟಿಂಗಲ್ಲಿ ಬಂದ ಫಸ್ಟ್ ಪೀಸ್ ಹಿಡ್ಕೊಂಡು, ಅಳತೆ ಚೆಕ್ ಮಾಡಿಸೋಕೆ ಶೆಡ್ಡಿನ ಆ ತುದೀಲಿರೋ ಕ್ಯೂಸಿ ರೂಮಿಗೆ ಹೋಗ್ತಿದ್ರು, ಅಲ್ಲಿ ಇರೋದು ಒಬ್ಬ ಇನ್‌ಸ್ಪೆಕ್ಟರ್, ಒಂದು ಹೈಟ್ ಗೇಜು. ಓಕೆ ಸಿಗೋವರೆಗೂ ಮಷಿನ್‌ಗಳು ಸುಮ್ನೆ ನಿಂತಿರ್ತಿದ್ವು. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಕಾಗ್ಲಿಲ್ಲ. ಚಿಕ್ಕ ಸರ್ಫೇಸ್ ಪ್ಲೇಟು, ಇನ್ನೊಂದು ಹೈಟ್ ಗೇಜು, ಮೈಕ್ರೋಮೀಟರ್‌ಗಳು ಎಲ್ಲಾ ಒಂದು ಟ್ರಾಲಿ ಮೇಲಿಟ್ಟು ಮಷಿನ್ ಸಾಲಿನ ಮಧ್ಯಕ್ಕೆ ತಂದ್ವಿ, ಇನ್ನೊಬ್ಬ ಹುಡುಗನಿಗೆ ಫಸ್ಟ್ ಪೀಸ್ ಚೆಕಿಂಗ್ ಟ್ರೈನಿಂಗ್ ಕೊಟ್ವಿ, ಶಿಫ್ಟ್ ಶುರುವಿನ ಆ ಕ್ಯೂ ಹೋಯ್ತು. ಇನ್ನೂ ದೊಡ್ಡ ಪ್ಯಾಕೇಜ್ ಮಾರೋ ಚಾನ್ಸ್ ಇದ್ರೂ ಟ್ರಾಲಿ ಇಡಿ ಅಂತ ಹೇಳಿದ್ರಲ್ಲ, ಅದಕ್ಕೆ ನನಗೆ ಇವ್ರ ಮೇಲೆ ಗೌರವ.

ಕರೆಂಟ್ ಬಿಲ್ ಕಡೆನೂ ಒಂದು ಸಿಕ್ತು, ಮೇನ್ ಪ್ಯಾನೆಲ್‌ಗೆ ಮತ್ತೆ ಕಂಪ್ರೆಸರ್‌ಗೆ ಎನರ್ಜಿ ಮೀಟರ್ ಹಾಕಿದ್ರು, ಊಟದ ಹೊತ್ತಲ್ಲಿ ಯಾರೂ ಏರ್ ಬಳಸ್ದೇ ಇದ್ರೂ ಕಂಪ್ರೆಸರ್ ಲೋಡ್ ತಗೊಳ್ತಾನೇ ಇತ್ತು, ಅಂದ್ರೆ ಪೈಪಲ್ಲಿ ಲೀಕ್.

ಇನ್ನು ಸರಿ ಇಲ್ಲದ್ದು. ಟ್ಯಾಲಿ ಜೊತೆ ಜೋಡಿಸೋ ಕೆಲಸ ಎಳೆದಾಡಿಬಿಟ್ರು. ಡಿಸ್‌ಪ್ಯಾಚ್ ಎಂಟ್ರಿ ಎರಡೆರಡು ಸಲ ಬಿದ್ದು ನಮ್ಮ ಅಕೌಂಟ್ಸ್ ಮೇಡಂ ಕೂತು ಒಂದೊಂದೇ ಅಳಿಸಬೇಕಾಯ್ತು. ಟರ್ನೋವರ್ 5 ಕೋಟಿ ದಾಟಿದವ್ರಿಗೆ 2023ರ ಆಗಸ್ಟಿಂದ ಇ-ಇನ್‌ವಾಯ್ಸ್ ಕಡ್ಡಾಯ, ಅಲ್ಲಿ ತಪ್ಪಾದ್ರೆ ಕಸ್ಟಮರ್ ಪೇಮೆಂಟೇ ನಿಲ್ಲುತ್ತೆ, ಇದರ ಅರ್ಜೆಂಟು ಇವ್ರ ಸಾಫ್ಟ್‌ವೇರ್ ಹುಡುಗರಿಗೆ ತಲೆಗೆ ಹೋಗೋಕೆ ತುಂಬಾ ಟೈಮ್ ಹಿಡೀತು. ಶಾಪ್ ಫ್ಲೋರ್ ಗೊತ್ತಿರೋರು ಬೇರೆ, ಕೋಡ್ ಬರೆಯೋರು ಬೇರೆ, ನಡುವೆ ಮಾತುಕತೆ ಕಮ್ಮಿ. ಇನ್ನೊಂದು, ಸಪೋರ್ಟ್ ಸಂಜೆವರೆಗೆ ಮಾತ್ರ. ನೈಟ್ ಶಿಫ್ಟಲ್ಲಿ ಗೇಟ್‌ವೇ ಹ್ಯಾಂಗ್ ಆದ್ರೆ ಫೋನ್ ಎತ್ತೋರಿಲ್ಲ, ಫ್ಯಾಕ್ಟರಿಗೆ ಸರ್ವಿಸ್ ಕೊಡೋರು ಹೀಗೆ ಮಾಡಬಾರದು. ಮೊಬೈಲ್ ಆ್ಯಪ್ ಕೂಡ ನಿಧಾನ.

ದುಡ್ಡಿನ ವಿಷಯ: ಹಾರ್ಡ್‌ವೇರಿಗೆ ಒಂದ್ಸಲ ಕೊಡಬೇಕು, ಆಮೇಲೆ ಮಷಿನ್ ಲೆಕ್ಕದಲ್ಲಿ ತಿಂಗಳ ಸಬ್‌ಸ್ಕ್ರಿಪ್ಷನ್. ಮೊದಲು ಒಂದೇ ಸಾಲಿನ ಮಷಿನ್‌ಗಳಿಗೆ ಹಾಕಿ ನೋಡಿ ಆಮೇಲೆ ಮಿಕ್ಕಿದ್ದಕ್ಕೆ ಹೋದ್ವಿ, ಅವ್ರೂ ಹಂಗೇ ಮಾಡಿ ಅಂದ್ರು, ಒಳ್ಳೇದಾಯ್ತು. ಡೇಟಾ ನಮ್ಮದು, ಯಾವಾಗ ಬೇಕಾದ್ರೂ ಎಕ್ಸೆಲ್ ಫೈಲಲ್ಲಿ ಪೂರ್ತಿ ತಗೋಬಹುದು ಅಂತ ಅಗ್ರಿಮೆಂಟಲ್ಲೇ ಇದೆ. ಇದನ್ನ ಬರೆದು ಕೊಡದೇ ಇರೋರ ಹತ್ರ ನೀವು ಸೈನ್ ಹಾಕಲೇಬೇಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಎರಡ್ಮೂರು ಶಿಫ್ಟ್ ಓಡಿಸೋ ಮಷಿನ್ ಶಾಪ್, ಪ್ರೆಸ್ ಶಾಪ್‌ನವ್ರು ಧೈರ್ಯವಾಗಿ ಕರೆಸಿ. ನೈಟ್ ಶಿಫ್ಟ್ ಇದ್ರೆ ರಾತ್ರಿ ಫೋನ್ ಎತ್ತೋರ ನಂಬರ್ ಮತ್ತೆ ಎಷ್ಟು ಹೊತ್ತಲ್ಲಿ ರಿಪ್ಲೈ ಮಾಡ್ತಾರೆ ಅನ್ನೋದನ್ನ ಅಡ್ವಾನ್ಸ್ ಕೊಡೋ ಮುಂಚೆನೇ ಅಗ್ರಿಮೆಂಟಲ್ಲಿ ಸೇರಿಸ್ಕೊಳ್ಳಿ, ಟ್ಯಾಲಿ ಕೆಲಸಕ್ಕೆ ಬೇರೆ ಡೇಟ್ ಹಾಕಿಸಿ, ಅದು ಮುಗಿಯೋವರೆಗೂ ಕೊನೆ ಕಂತು ಕೊಡಬೇಡಿ.