ಕಬ್ಬು ನಿಂತಾಗ ಅಳೆದ ವರದಿ

ಪಟ್ಟದಕಲ್ಲಿನ ಆಸುಪಾಸು ಮಲಪ್ರಭೆಯ ದಂಡೆಗೆ ಕಟ್ಟಡ ಎಬ್ಬಿಸುವವರಿಗೆ ಬಾಗಲಕೋಟೆಯ ಸರ್ವೇ ಕಚೇರಿಯೊಂದು ಜೋಡಿ ವರದಿ ಮಾಡಿಕೊಡುತ್ತದೆ. ನೆರೆ ಎಲ್ಲಿತನಕ ಏರುತ್ತದೆ ಎಂಬುದು ಒಂದು, ಗುಡಿಗಳ ನೋಟಕ್ಕೆ ಕಟ್ಟಡ ಎಷ್ಟು ಅಡ್ಡ ಬರುತ್ತದೆ ಎಂಬುದು ಇನ್ನೊಂದು. ಎರಡಂತಸ್ತಿನ ವಸತಿಗೃಹವೊಂದರ ವರದಿಗೆ ಐದಕ್ಕೆ ಮೂರು ಅಂಕ ಕೊಡಬಹುದು.

ನೆರೆಗೆರೆ ಹಿಡಿದ ಬಗೆ ಚೊಕ್ಕ. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಗುಡಿಗಳ ಅಂಗಳಕ್ಕೇ ನುಗ್ಗಿತ್ತು. ಆಗ ಹಳೇ ಗೋಡೆಗಳ ಮೇಲೆ ಉಳಿದ ಗುರುತಿಗೆ ಆಟೋ ಲೆವೆಲ್ ಇಟ್ಟು ಮಟ್ಟ ತೆಗೆದಿದ್ದಾರೆ. ಗೋಡೆ ನೀರು ಹೀರಿದಾಗ ತೇವದ ಕಲೆ ಮೇಲಕ್ಕೆ ಹತ್ತುತ್ತದೆ. ಅದನ್ನು ಬಿಟ್ಟು ಕೆಸರು ಕೂತ ಗೆರೆಯನ್ನೇ ಹಿಡಿದದ್ದು ಬಲ್ಲವರ ಕೆಲಸ.

ಕೆಟ್ಟದ್ದು ನೆಲದ ನಕ್ಷೆ. ಡ್ರೋನ್ ಹಾರಿಸುವಾಗ ಪಕ್ಕದ ಹೊಲದಲ್ಲಿ ಕಬ್ಬು ಆಳೆತ್ತರ ನಿಂತಿತ್ತು. ಡ್ರೋನ್ ಫೋಟೋಗೆ ಕಾಣುವುದು ಕಬ್ಬಿನ ಸುಳಿ, ನೆಲವಲ್ಲ. ಹೀಗಾಗಿ ನೀರು ಹರಿದು ಬರುವ ತಗ್ಗೇ ನಕ್ಷೆಯಲ್ಲಿ ದಿಬ್ಬವಾಗಿದೆ! ನೆಲದ ಮೇಲೆ ನಿಂತೇ ದೂರ, ಎತ್ತರ ಅಳೆಯುವ ಟೋಟಲ್ ಸ್ಟೇಷನ್ ಉಪಕರಣ ಹಿಡಿದು ಸಾಲುಗಳ ನಡುವೆ ನಡೆದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ಮೇಲಾಗಿ ಎಲ್ಲ ಮಟ್ಟಗಳಿಗೂ ಆಧಾರವಾದ ಬೆಂಚ್‌ಮಾರ್ಕ್ 100.000 ಎಂದು ತಾವೇ ಇಟ್ಟುಕೊಂಡಿದ್ದಾರೆ. ಸಮುದ್ರಮಟ್ಟಕ್ಕೆ ಜೋಡಿಸದಿದ್ದರೆ ಹೊಳೆಯ ಅಧಿಕೃತ ಮಟ್ಟದೊಂದಿಗೆ ತಾಳೆ ನೋಡುವುದು ಹೇಗೆ?

ಅದೇ ಕಬ್ಬು ನೋಟದ ಫೋಟೋಗಳಲ್ಲಿ ಕೆಳಅಂತಸ್ತನ್ನು ಪೂರ್ತಿ ಮುಚ್ಚಿದೆ. ಕಟಾವಾದ ಮೇಲೆ ಮುಚ್ಚಲು ಏನೂ ಇರುವುದಿಲ್ಲ. ಮೊಬೈಲಿನ ವೈಡ್ ಲೆನ್ಸ್‌ನಲ್ಲಿ ತೆಗೆದದ್ದರಿಂದ ಕಟ್ಟಡ ದೂರದ ಗುಡಿಸಲಿನಂತೆ ಕಾಣುತ್ತದೆ. ಫುಲ್‌ಫ್ರೇಮ್ ಕ್ಯಾಮೆರಾಗೆ 50 ಮಿ.ಮೀ. ಲೆನ್ಸ್, ನೆಲದಿಂದ 1.6 ಮೀಟರ್ ಎತ್ತರ, ಇದು ಕಣ್ಣಿನ ಅಳತೆ.

ದೊಡ್ಡ ಎಡವಟ್ಟು ನೆರೆ ಮತ್ತು ನೋಟದ ಅಧ್ಯಾಯಗಳ ನಡುವೆ ಇದೆ. ನೆರೆಗೆರೆ ನೆಲದಿಂದ 0.75 ಮೀಟರ್, ಅದರ ಮೇಲೆ 0.45 ಬಿಟ್ಟು ಪ್ಲಿಂತ್, ಅಂದರೆ ಮನೆ ನಿಲ್ಲುವ ಕಟ್ಟೆ, 1.2 ಮೀಟರ್ ಇರಲಿ ಎನ್ನುತ್ತದೆ ಮೊದಲ ಅಧ್ಯಾಯ. ಎರಡನೆಯದು 7 ಮೀಟರ್ ಕಟ್ಟಡವನ್ನು ಬರಿನೆಲದ ಮೇಲೇ ಕೂರಿಸಿ ಚಿತ್ರ ಬರೆದಿದೆ. ನಿಜಕ್ಕೂ ಅದು 8.2, ತಲೆಯ ಮೇಲಿನ ನೀರಿನ ಟ್ಯಾಂಕ್ ಬೇರೆ. ಸ್ಮಾರಕದ ಸುತ್ತ 100 ಮೀಟರ್ ಕಟ್ಟಡಕ್ಕೆ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಅಲ್ಲಿ ಅನುಮತಿಯ ಎತ್ತರದಲ್ಲಿ ಪ್ಯಾರಪೆಟ್, ಟ್ಯಾಂಕ್ ಎಲ್ಲ ಸೇರುತ್ತವೆ.

ಪ್ಲಿಂತ್ ಏರಿಸಲು ಇಡೀ ನಿವೇಶನಕ್ಕೆ ಗರಸು ತುಂಬಿ ಎಂಬ ಸಲಹೆಯನ್ನೂ ಒಪ್ಪಬೇಡಿ. ನೀರು ಪಕ್ಕದ ಹೊಲಕ್ಕೆ ತಿರುಗುತ್ತದೆ. ಕಂಬದ ಮೇಲೆ ಎತ್ತಿದರೆ ಅಡಿಯಲ್ಲಿ ಹರಿದುಹೋಗುತ್ತದೆ.

ಕೊನೆಯ ಕಂತು ಕೊಡುವ ಮುನ್ನ ಟ್ಯಾಂಕಿನ ತುದಿಯಷ್ಟು ಎತ್ತರದ ಬಿದಿರು ನೆಡಿಸಿ, ತುದಿಗೆ ಕೆಂಪು ಬಟ್ಟೆ ಕಟ್ಟಿಸಿ, ಗುಡಿಯ ಅಂಗಳದಿಂದ ನೋಡಿ. ಕಟಾವಾದ ಮೇಲೆ.