ಬೇಸ್ ಗಿಟಾರ್‌ಗೆ ಬಾಕ್ಸ್ ಮಾಡಿಸುವವರೇ, ಉಳಿದ ಹಣ ಕೊಡುವ ಮೊದಲು ಬಿಚ್ಚಿಸಿ ನೋಡಿ

ಗಣೇಶನ ಹಬ್ಬ ಹತ್ತಿರ ಬರುತ್ತಿದೆ. ಆರ್ಕೆಸ್ಟ್ರಾಗಳಲ್ಲಿ ಬೇಸ್ ನುಡಿಸುವ ಎಷ್ಟೋ ಜನ ಈಗ ಸ್ಪೀಕರ್ ಕೊಳ್ಳಲು, ಬಾಕ್ಸ್ ಮಾಡಿಸಲು ಬೆಂಗಳೂರಿಗೆ ಹೊರಟಿರುತ್ತಾರೆ. ಹೊರಡುವ ಮುನ್ನ ದಯವಿಟ್ಟು ಇದನ್ನು ಓದಿ. ನನಗೆ 8 ಓಮ್‌ನ ಹೊಸ ಸ್ಪೀಕರ್ ಎಂದು ಹೇಳಿ ಕೊಟ್ಟದ್ದು 4 ಓಮ್‌ನ ಹಳೆಯ, ರೀಕೋನ್ ಮಾಡಿದ, ಅಂದರೆ ಹಳೆಯ ಫ್ರೇಮಿಗೆ ಬೇರೆ ಕೋನು ಮತ್ತು ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಹಾಕಿದ ಸ್ಪೀಕರ್. ಓಮ್ ಎಂದರೆ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ, ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರ್ ಮೇಲೆ ಹೊರೆ ಹೆಚ್ಚು. 18 ಎಂಎಂ ಪ್ಲೈವುಡ್ ಎಂದು ಹೇಳಿ ಕೊಟ್ಟದ್ದು ಕಾರ್ಪೆಟ್ ಅಂಟಿಸಿದ ಪಾರ್ಟಿಕಲ್ ಬೋರ್ಡ್. ಇದು ಬಯಲಾದದ್ದು ಊರಿಗೆ ಊರೇ ನೆರೆದಿದ್ದ ಪೆಂಡಾಲಿನ ವೇದಿಕೆಯ ಮೇಲೆ. ಬರೆಯುತ್ತಿರುವಾಗಲೂ ಮೈ ಉರಿಯುತ್ತಿದೆ.

ನಾನು ತುಮಕೂರು ಕಡೆಯವನು, ಒಂದು ರಸಮಂಜರಿ ತಂಡದಲ್ಲಿ ಬೇಸ್ ನುಡಿಸುತ್ತೇನೆ. ಹಳ್ಳಿ ವೇದಿಕೆಗಳ ಕಥೆ ನಿಮಗೆ ಗೊತ್ತೇ ಇದೆ. ಮೈಕ್‌ಸೆಟ್‌ನವರ ದೊಡ್ಡ ಬಾಕ್ಸ್‌ಗಳೆಲ್ಲ ಜನರ ಕಡೆ ಮುಖ ಮಾಡಿರುತ್ತವೆ, ವೇದಿಕೆಯ ಮೇಲಿರುವ ನಮಗೆ ಕೇಳುವುದು ಬರೀ ಗುಂಯ್ ಎನ್ನುವ ಸದ್ದು. ಡ್ರಮ್ಸ್‌ನವನಿಗೂ ನನಗೂ ಸ್ವರ ಸ್ಪಷ್ಟವಾಗಿ ಕೇಳಬೇಕೆಂದರೆ ಬೆನ್ನ ಹಿಂದೆ ನಮ್ಮದೇ ಒಂದು ಕ್ಯಾಬಿನೆಟ್ ಇರಲೇಬೇಕು. ವಿದೇಶಿ ಕ್ಯಾಬಿನೆಟ್ ನಮ್ಮಂಥವರ ಕೈಗೆ ಎಟುಕುವುದಿಲ್ಲ. ಹಾಗಾಗಿ ಬಿಡಿ ಸ್ಪೀಕರ್ ಕೊಂಡು ಬಾಕ್ಸ್ ಮಾಡಿಸುವುದು ಎಲ್ಲರೂ ಹಿಡಿಯುವ ದಾರಿ. ಒಂದು ಸೀಸನ್ನಿನ ಸಂಭಾವನೆಯನ್ನು ಕೂಡಿಟ್ಟು ನಾನೂ ಅದೇ ದಾರಿ ಹಿಡಿದೆ.

ನನಗೆ ಬೇಕಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಆ ಅಂಗಡಿಯವರು ಈಗ ‘ಅವರಿಗೇ ಏನು ಬೇಕೆಂದು ಗೊತ್ತಿರಲಿಲ್ಲ’ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಾರೆ. ಗೊತ್ತಿತ್ತು. ಬೇಸ್ ಗಿಟಾರ್‌ನ ದಪ್ಪ ಇ ತಂತಿ 41 ಹರ್ಟ್ಜ್, ನನ್ನ ಐದು ತಂತಿಯ ಗಿಟಾರ್‌ನ ಬಿ ತಂತಿ 31 ಹರ್ಟ್ಜ್. ಆದ್ದರಿಂದ ಸ್ಪೀಕರಿನ ಸಹಜ ಅನುರಣನ, ಅಂದರೆ ಎಫ್ಎಸ್, 50ರ ಆಸುಪಾಸಿನಲ್ಲಿರಬೇಕು. ಎಲೆಕ್ಟ್ರಿಕ್ ಗಿಟಾರ್‌ಗೆ ಹಾಕುವ 12 ಇಂಚಿನ ಸ್ಪೀಕರ್‌ಗಳಲ್ಲಿ ಅದು 75ಕ್ಕೂ ಮೇಲಿರುತ್ತದೆ, ಅವು ಬೇಡ. ಕಾರಿನ ಸಬ್‌ವೂಫರ್ ಕೂಡ ಬೇಡ. ಅದು ಎಷ್ಟು ಪವರ್ ಕೊಟ್ಟರೂ ನುಂಗುತ್ತದೆ, ಬೆರಳಿನ ಮೀಟು ಮಾತ್ರ ಕೇಳುವುದಿಲ್ಲ. ನನ್ನ ಆಂಪ್ಲಿಫೈಯರ್ 4 ಓಮ್‌ಗಿಂತ ಕೆಳಗೆ ಹೋಗಬಾರದು ಎಂದು ಅದರ ಹಿಂಬದಿಯಲ್ಲೇ ಅಚ್ಚು ಹಾಕಿದ್ದಾರೆ. ಆದ್ದರಿಂದ 12 ಇಂಚಿನ ಎರಡು ಸ್ಪೀಕರ್, ಒಂದೊಂದೂ 8 ಓಮ್, ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಿಸಿದರೆ ತಡೆ ಅರ್ಧವಾಗಿ ಒಟ್ಟು 4. ಬಾಕ್ಸಿನೊಳಗೆ ಉಳಿಯುವ ಗಾಳಿ 110 ಲೀಟರ್. ಪೋರ್ಟ್, ಅಂದರೆ ಬಾಕ್ಸಿನ ಗಾಳಿ ಆಡುವ ಕೊಳವೆ, 45 ಹರ್ಟ್ಜ್‌ಗೆ ಹದ ಮಾಡಿದ್ದು. 18 ಎಂಎಂ ಪ್ಲೈವುಡ್, ನಡುವೆ ಅಡ್ಡಪಟ್ಟಿ. ಇಷ್ಟನ್ನೂ ಹಾಳೆಯಲ್ಲಿ ಬರೆದು ಅವರ ಕೈಗೇ ಕೊಟ್ಟಿದ್ದೆ.

ಅಂಗಡಿ ಇದ್ದದ್ದು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೆಸರಾದ ಎಸ್‌.ಪಿ. ರಸ್ತೆಯ ಕಡೆ. ಅಲ್ಲಿ ಒಳ್ಳೆಯ ಅಂಗಡಿಗಳು ಬೇಕಾದಷ್ಟಿವೆ, ನಾನು ಇಡೀ ರಸ್ತೆಯನ್ನು ದೂರುತ್ತಿಲ್ಲ. ಅಂಗಡಿಯವರು ನನ್ನ ಹಾಳೆಯನ್ನು ಅರ್ಧ ಓದಿ ಮೇಜಿನ ಮೇಲಿಟ್ಟು, “ಸರ್, ಇದೆಲ್ಲ ಕಾಗದದ ಲೆಕ್ಕ. ನಮ್ಮದು ಕಿವಿಯ ಲೆಕ್ಕ” ಎಂದರು. ಕಾಗದದ ಲೆಕ್ಕವಂತೆ! ಯಾವ ಸ್ಪೀಕರಿಗೆ ಎಷ್ಟು ದೊಡ್ಡ ಬಾಕ್ಸ್, ಎಷ್ಟು ಉದ್ದದ ಪೋರ್ಟ್ ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲೇ ದಾರಿ ಹಾಕಿದರು, 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಪೂರ್ತಿ ಮಾಡಿದರು. ನೆಟ್ಟಗೆ ಸ್ಪೀಕರ್ ತಯಾರಿಸುವ ಪ್ರತಿಯೊಂದು ಕಂಪನಿಯೂ ಅವರ ಹೆಸರಿನ ಆ ಅಂಕಿಗಳನ್ನು ಮುದ್ರಿಸಿ ಕೊಡುತ್ತದೆ. ಆ ಹಾಳೆ ಕೊಡಿ ಎಂದೆ. “ಕಂಪನಿಯಿಂದ ತರಿಸಿ ವಾಟ್ಸ್‌ಆ್ಯಪ್ ಮಾಡುತ್ತೇನೆ ಸರ್.” ಇವತ್ತಿನವರೆಗೂ ಬಂದಿಲ್ಲ.

ಮ್ಯಾಗ್ನೆಟ್ ಮೇಲಿನ ಸ್ಟಿಕ್ಕರ್ ತೋರಿಸಿದರು. 500 ವಾಟ್, 8 ಓಮ್ ಎಂದು ಬಂಗಾರದ ಬಣ್ಣದಲ್ಲಿ ಹೊಳೆಯುತ್ತಿತ್ತು. “ಎರಡು ಸೇರಿದರೆ 1000 ವಾಟ್ ಸರ್, ಪೆಂಡಾಲ್ ನಡುಗುತ್ತದೆ.” ಇದು ಸತತವಾಗಿ ತಾಳುವ ಆರ್‌ಎಂಎಸ್ಸೋ, ಕ್ಷಣಮಾತ್ರ ತಾಳುವ ಪೀಕೋ ಎಂದು ಕೇಳಿದೆ. “ನಮ್ಮಲ್ಲಿ ಎಲ್ಲವೂ ಆರ್‌ಎಂಎಸ್ಸೇ.” ಮಲ್ಟಿಮೀಟರ್ ಕೊಡಿ, ಒಮ್ಮೆ ಓಮ್ ನೋಡುತ್ತೇನೆ ಎಂದೆ. ಬ್ಯಾಟರಿ ಹೋಗಿದೆ ಎಂದರು. ಸ್ಪೀಕರ್ ಮಾರುವ ಅಂಗಡಿ, ಅದೂ ಆ ರಸ್ತೆಯಲ್ಲಿ, ಮೀಟರ್‌ಗೆ ಬ್ಯಾಟರಿ ಇಲ್ಲ!

ಮುಂಗಡ ಕೊಟ್ಟು ಬಂದೆ. ಬಾಕ್ಸ್ ತಯಾರಾದ ಮೇಲೆ ಹೋದಾಗ ಅದಕ್ಕೆ ಕಪ್ಪು ಕಾರ್ಪೆಟ್ ಅಂಟಿಸಿ, ಮುಂದೆ ಕಬ್ಬಿಣದ ಜಾಲಿ ಬಿಗಿದು, ಪ್ರತಿ ಸ್ಕ್ರೂವಿನ ತಲೆಗೂ ಬಣ್ಣ ಹಚ್ಚಿದ್ದರು. ಜಾಲಿ ತೆಗೆದು ಒಳಗೆ ತೋರಿಸಿ ಎಂದರೆ, “ಸೀಲ್ ಒಡೆದರೆ ವಾರಂಟಿ ಹೋಗುತ್ತದೆ ಸರ್, ನಿಮಗೇ ನಷ್ಟ” ಎಂದರು. ನನ್ನ ಗಿಟಾರ್ ಜೊತೆಯಲ್ಲೇ ಇತ್ತು. ನುಡಿಸಿ ನೋಡುತ್ತೇನೆ ಎಂದರೆ, ಪಕ್ಕದ ಅಂಗಡಿಯವರು ಜಗಳಕ್ಕೆ ಬರುತ್ತಾರಂತೆ. ಬದಲಿಗೆ ತಮ್ಮ ಮೊಬೈಲ್‌ನಿಂದ ಒಂದು ಡಿಜೆ ಹಾಡು ಹಾಕಿದರು, ಅದು ಧಡ್ ಧಡ್ ಎಂದಿತು. ರೆಕಾರ್ಡ್ ಆದ ಹಾಡಿನಲ್ಲಿ ಬೇಸ್ ಮೊದಲೇ ಒತ್ತಿ ಹದ ಮಾಡಿರುತ್ತದೆ. ಬೆರಳಲ್ಲಿ ಮೀಟಿದಾಗ ಏಳುವ ಹೊಡೆತವೇ ಬೇರೆ. ಬಿಲ್ ಕೇಳಿದೆ. ಎಸ್ಟಿಮೇಟ್ ಎಂದು ಬರೆದ ಒಂದು ಹಳದಿ ಚೀಟಿ ಕೊಟ್ಟು, ಜಿಎಸ್‌ಟಿ ಬಿಲ್ ಸಂಜೆ ಕಳಿಸುತ್ತೇವೆ ಎಂದರು. ಯಾವ ಸಂಜೆ?

ಇನ್ನು ಆ ರಾತ್ರಿ.

ಮೊದಲ ಎರಡು ಹಾಡು ನಿಧಾನ ಗತಿಯವು, ಹೇಗೋ ನಡೆಯಿತು. ಸದ್ದು ಚೆನ್ನಾಗಿತ್ತೆಂದಲ್ಲ, ಬಾಕ್ಸ್ ಯಾವುದೋ ಒಂದು ಸ್ವರಕ್ಕೆ ಮಾತ್ರ ಗುಮ್ಮೆಂದು ಎದ್ದು ಉಳಿದವಕ್ಕೆ ಸಪ್ಪಗಾಗುತ್ತಿತ್ತು. ಮೂರನೆಯದು ಜನ ಎದ್ದು ಕುಣಿಯುವ ಹಾಡು, ಪಲ್ಲವಿಗೆ ಮುಂಚೆ ಬೇಸ್ ಒಂದೇ ಬರುವ ಜಾಗ ಅದರಲ್ಲಿದೆ. ಇ ತಂತಿಯನ್ನು ಮೀಟಿದೆ. ಸದ್ದೇ ಇಲ್ಲ. ಆಂಪ್ಲಿಫೈಯರ್ ಮೇಲೆ ಪ್ರೊಟೆಕ್ಟ್ ಎಂಬ ಕೆಂಪು ದೀಪ. ಡ್ರಮ್ಸ್‌ನವನು ನನ್ನ ಮುಖ ನೋಡಿದ, ಗಾಯಕಿ ಹಿಂದೆ ತಿರುಗಿ ನೋಡಿದಳು, ಕೆಳಗಿನಿಂದ ಹುಡುಗರು ಶಿಳ್ಳೆ ಹೊಡೆಯತೊಡಗಿದರು. ಸ್ವಿಚ್ ಆರಿಸಿ ಮತ್ತೆ ಹಾಕಿದೆ, ಬಂತು. ಮತ್ತೆ ಇ ತಂತಿ, ಮತ್ತೆ ಕೆಂಪು ದೀಪ. ಸಮಿತಿಯ ಹಿರಿಯರೊಬ್ಬರು ಮೆಟ್ಟಿಲ ಹತ್ತಿರ ಬಂದು, “ಏನಪ್ಪಾ, ದುಡ್ಡು ಎಣಿಸಿಕೊಂಡಿಲ್ಲವೇ?” ಎಂದು ಮೈಕಿಗೆ ಕೇಳುವಷ್ಟು ಜೋರಾಗಿ ಅಂದರು. ಕೀಬೋರ್ಡ್ ನುಡಿಸುವ ಅಣ್ಣ ಎಡಗೈಯಲ್ಲಿ ಬೇಸ್ ನುಡಿಸಿ ಕಾರ್ಯಕ್ರಮ ಮುಗಿಸಿಕೊಟ್ಟರು. ನಾನು ಕೊರಳಿಗೆ ಗಿಟಾರ್ ಹಾಕಿಕೊಂಡು, ಸದ್ದು ಬಾರದ ತಂತಿಯ ಮೇಲೆ ಬೆರಳು ಆಡಿಸುತ್ತಾ ಕೊನೆಯವರೆಗೂ ನಿಂತಿದ್ದೆ. ಇಷ್ಟು ವರ್ಷ ನುಡಿಸಿ ಸಂಪಾದಿಸಿದ ಹೆಸರು ಅದು. ತಂಡದವರು ನನ್ನ ಸಂಭಾವನೆ ಹಿಡಿದರು. ಅವರನ್ನು ತಪ್ಪೆನ್ನಲಾರೆ.

ಮರುದಿನ ಬಾಕ್ಸಿನ ಜ್ಯಾಕ್‌ಗೆ ಮೀಟರ್ ಹಿಡಿದರೆ 1.7 ಓಮ್. ಮೀಟರ್‌ನಲ್ಲಿ ಓಮ್ ಯಾವಾಗಲೂ ಸ್ಟಿಕ್ಕರ್‌ಗಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. 8 ಓಮ್‌ನ ಸ್ಪೀಕರ್ 5.5ರಿಂದ 7ರವರೆಗೆ, 4 ಓಮ್‌ನದು 3ರಿಂದ 3.5ರವರೆಗೆ ಬರುತ್ತದೆ. ನನ್ನ ಲೆಕ್ಕದಂತೆ ಒಟ್ಟು 3ರ ಹತ್ತಿರ ಬರಬೇಕಿತ್ತು. 1.7 ಎಂದರೆ ಎರಡೂ 4 ಓಮ್‌ನವು, ಸೇರಿ 2 ಓಮ್. ಆಂಪ್ಲಿಫೈಯರ್ ತನ್ನನ್ನು ತಾನು ಉಳಿಸಿಕೊಳ್ಳಲು ಆರಿತ್ತು. ಪ್ರೊಟೆಕ್ಟ್ ಇಲ್ಲದ ಹಳೆಯ ಸೆಟ್ ಆಗಿದ್ದರೆ ಸುಟ್ಟೇ ಹೋಗುತ್ತಿತ್ತು.

ನಮ್ಮೂರಿನಲ್ಲಿ ಸ್ಪೀಕರ್ ರೀಕೋನ್ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಬಳಿಗೆ ಒಯ್ದು, ಅವರ ಎದುರಿಗೇ ಬಿಚ್ಚಿಸಿದೆ. ಮೊದಲ ಸ್ಕ್ರೂ ಹೊರಬರುವಾಗಲೇ ಅದರ ಎಳೆಗಳಿಗೆ ಅಂಟಿಕೊಂಡು ಮರದ ಹುಡಿ ಉದುರಿತು. ಪ್ಲೈವುಡ್‌ನಲ್ಲಿ ಹೀಗೆ ಉದುರುವುದಿಲ್ಲ. ಅಂಚಿನ ಕಾರ್ಪೆಟ್ ಸುಲಿದರೆ ಪದರಗಳೇ ಇಲ್ಲ, ಒತ್ತಿ ಅಂಟಿಸಿದ ಚೂರುಗಳು. ಅಡ್ಡಪಟ್ಟಿ ಇಲ್ಲವೇ ಇಲ್ಲ. ಪೋರ್ಟ್ ಎಂದರೆ ನಲ್ಲಿಯ ಕೆಲಸಕ್ಕೆ ತಂದ ಪಿವಿಸಿ ಪೈಪಿನ ತುಂಡು, ಗರಗಸದ ಸೊಟ್ಟ ಕೊಯ್ತ ಹಾಗೆಯೇ ಇತ್ತು. ಸ್ಪೀಕರ್ ಹೊರತೆಗೆದು ಹಿರಿಯರು ಕೋನಿನ ಮೇಲೆ ಎರಡೂ ಅಂಗೈ ಇಟ್ಟು ಮೆಲ್ಲಗೆ ಒತ್ತಿದರು. “ಕಿವಿ ಹತ್ತಿರ ತನ್ನಿ” ಎಂದರು. ಒಳಗೆ ಕರ್ ಕರ್ ಎಂದು ಕಾಯಿಲ್ ಉಜ್ಜುತ್ತಿತ್ತು. ಫ್ರೇಮಿನ ತೂತುಗಳ ಸುತ್ತ ಹಳೆಯ ಬೋಲ್ಟ್‌ಗಳ ಉಂಗುರದ ಗುರುತು, ಅದರ ಮೇಲೆ ಹೊಸ ಕಪ್ಪು ಬಣ್ಣ. ಡಸ್ಟ್ ಕ್ಯಾಪಿನ ಅಂಚಿನಲ್ಲಿ ಅಂಟು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಬಂಗಾರದ ಸ್ಟಿಕ್ಕರನ್ನು ಉಗುರಿನಿಂದ ಎಬ್ಬಿಸಿದರೆ ಅಡಿಯಲ್ಲಿ ಇನ್ನೊಂದು ಸ್ಟಿಕ್ಕರಿನ ಹರಿದ ಕಾಗದ. “ಕಾಯಿಲ್ 4 ಓಮ್‌ನದು ಹಾಕಿದ್ದಾರೆ, ಕೈಗೆ ಸಿಕ್ಕಿದ್ದು ಹಾಕಿದ್ದಾರೆ” ಎಂದರು ಹಿರಿಯರು. ರೀಕೋನ್ ಮಾಡಿದ್ದನ್ನು ರೀಕೋನ್ ಎಂದು ಹೇಳಿ ಮಾರುವುದು ಮರ್ಯಾದೆಯ ವ್ಯಾಪಾರ, ಆ ಹಿರಿಯರು ಅದನ್ನೇ ಮಾಡಿಕೊಂಡು ಬದುಕುತ್ತಿದ್ದಾರೆ. ಹೊಸದೆಂದು ಮಾರುವುದು ಕಳ್ಳತನ.

ಅಂಗಡಿಗೆ ಫೋನ್ ಮಾಡಿದೆ. ಮೊದಲ ಉತ್ತರ: “ನಿಮ್ಮ ಆಂಪ್ಲಿಫೈಯರ್ ವೀಕ್ ಇದೆ ಸರ್.” ಓಮ್ ವಿಷಯ ಹೇಳಿದೆ. “4 ಓಮ್ ಆದರೆ ಒಳ್ಳೆಯದೇ ಅಲ್ಲವೇ, ಸೌಂಡ್ ಜಾಸ್ತಿ ಬರುತ್ತದೆ.” ಬಾಕ್ಸಿನ ಅಳತೆ ಹೇಳಿದೆ. “28, 18, 16 ಇಂಚು ಗುಣಿಸಿ ನೋಡಿ, 132 ಲೀಟರ್ ಆಗುತ್ತದೆ. ನೀವು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟಿದ್ದೇವೆ.” ಅದು ಹೊರಗಿನ ಅಳತೆ! ಹಲಗೆಯ ದಪ್ಪ ಕಳೆದರೆ ಒಳಗೆ ಉಳಿಯುವುದು 105, ಅದರಲ್ಲಿ ಸ್ಪೀಕರ್‌ಗಳು ಮತ್ತು ಪೋರ್ಟ್ ಹಿಡಿಯುವ ಜಾಗ ಬೇರೆ. ನಾನು ಬರೆದುಕೊಟ್ಟದ್ದು ಒಳಗಿನ ಗಾಳಿ 110. ಇದನ್ನು ಹೇಳಿದಾಗ ಫೋನ್ ಇಟ್ಟರು.

ಖುದ್ದಾಗಿ ಹೋದೆ, ಸ್ಪೀಕರ್ ಮೇಜಿನ ಮೇಲಿಟ್ಟೆ. ಹಣ ಎಣಿಸುವ ತನಕ ‘ಸರ್, ಕಾಫಿ ತರಿಸಲೇ ಸರ್’ ಎನ್ನುತ್ತಿದ್ದವರು ಈಗ ‘ಏನಪ್ಪಾ ನಿನ್ನ ಗೋಳು’ ಎಂದರು. ಹಳೆಯ ಬೋಲ್ಟ್ ಗುರುತು ತೋರಿಸಿದೆ, ಹರಿದ ಸ್ಟಿಕ್ಕರ್ ತೋರಿಸಿದೆ. ಆಗ ಅವರು ಬೇರೆ ಗಿರಾಕಿಗಳ ಮುಂದೆ ಹೇಳಿದ ಮಾತು: “ನಮ್ಮ ಹೊಸ ಸ್ಪೀಕರ್ ತೆಗೆದು ಮಾರಿಕೊಂಡು, ಎಲ್ಲಿಂದಲೋ ಹಳೆಯದು ತಂದು ತೋರಿಸುತ್ತಿದ್ದೀಯ. ಸೀಲ್ ಒಡೆದವನು ನೀನು.” ನನ್ನನ್ನೇ ಕಳ್ಳನೆಂದರು. ನಿಂತಿದ್ದ ಗಿರಾಕಿಗಳು ನನ್ನನ್ನು ನೋಡಿದ ರೀತಿ ಮರೆಯುವಂಥದ್ದಲ್ಲ. ಸ್ಕ್ರೂಗಳಿಗೆ ಬಣ್ಣ ಹಚ್ಚಿದ್ದು ಏಕೆ ಎಂದು ನನಗೆ ಆಗ ಹೊಳೆಯಿತು. ಬಿಚ್ಚದಿದ್ದರೆ ಮೋಸ ಕಾಣುವುದಿಲ್ಲ, ಬಿಚ್ಚಿದರೆ ಮೋಸಗಾರ ನೀನೇ ಎನ್ನಬಹುದು. ಮೊದಲಿನಿಂದಲೂ ಇದನ್ನು ಯೋಚಿಸಿಯೇ ಮಾಡಿದ್ದಾರೆ.

ಆದ್ದರಿಂದ ಹೇಳುತ್ತಿದ್ದೇನೆ. ಸ್ಪೀಕರನ್ನು ಬಾಕ್ಸಿಗೆ ಕೂರಿಸುವ ಮೊದಲೇ ಬಿಡಿಯಾಗಿ ಕೈಯಲ್ಲಿ ಹಿಡಿದು ನೋಡಿ, ಮ್ಯಾಗ್ನೆಟ್ ಮತ್ತು ಫ್ರೇಮಿನ ಫೋಟೋ ತೆಗೆದುಕೊಳ್ಳಿ. ಮೀಟರ್ ನಿಮ್ಮದೇ ಒಯ್ಯಿರಿ. ಎಫ್ಎಸ್, ಎಕ್ಸ್‌ಮ್ಯಾಕ್ಸ್ (ಕೋನು ಹಿಂದೆ ಮುಂದೆ ಎಷ್ಟು ದೂರ ಆಡಬಲ್ಲದು ಎಂಬ ಅಳತೆ) ಬರೆದ ಕಂಪನಿಯ ಹಾಳೆ ಇಲ್ಲದ ಸ್ಪೀಕರಿಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ಪೋರ್ಟ್ ಹದ ಮಾಡಿದ ಸ್ವರಕ್ಕಿಂತ ಕೆಳಗೆ ಕೋನಿಗೆ ಒಳಗಿನ ಗಾಳಿಯ ತಡೆಯೇ ಇರುವುದಿಲ್ಲ, ಐದು ತಂತಿ ನುಡಿಸುವವರು ಎಕ್ಸ್‌ಮ್ಯಾಕ್ಸ್ ಗೊತ್ತಿಲ್ಲದೆ ನುಡಿಸಿದರೆ ಕಾಯಿಲ್ ಹೋಗುತ್ತದೆ. ವಾಟ್ ಸಂಖ್ಯೆ ನೋಡಿ ಮರುಳಾಗಬೇಡಿ, ವಾಟ್ ಎರಡು ಪಟ್ಟಾದರೆ ಹೆಚ್ಚುವುದು ಬರೀ 3 ಡೆಸಿಬಲ್. ‘12ಕ್ಕೆ ಬೇಸ್ ಬರುವುದಿಲ್ಲ, 15 ಹಾಕಿಸಿ’ ಎನ್ನುವವರೂ ಸಿಗುತ್ತಾರೆ, ನಂಬಬೇಡಿ. 10 ಇಂಚಿನ ಎಂಟು ಸ್ಪೀಕರ್‌ಗಳ ಆಂಪೆಗ್ ಕಂಪನಿಯ ಬೇಸ್ ಬಾಕ್ಸ್ 1969ರಿಂದ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನಿಂತಿದೆ. ಹಲಗೆಯನ್ನು ಕಾರ್ಪೆಟ್ ಅಂಟಿಸುವ ಮುನ್ನವೇ ಹೋಗಿ ನೋಡಿ. ಸಾಧ್ಯವಾದರೆ ಬಾಕ್ಸನ್ನು ನಿಮ್ಮೂರಿನ ಬಡಗಿಯಿಂದಲೇ, ನಿಮ್ಮ ಕಣ್ಣೆದುರಿಗೇ ಮಾಡಿಸಿ. ಜಿಎಸ್‌ಟಿ ಬಿಲ್ ಕೈಗೆ ಬಾರದೆ ಉಳಿದ ಹಣ ಕೊಡಲೇಬೇಡಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ. ಹಳದಿ ಚೀಟಿ, ಹಣ ಕಳಿಸಿದ ಯುಪಿಐ ದಾಖಲೆ, ‘ಹೊಸ ಸ್ಪೀಕರ್, 8 ಓಮ್’ ಎಂದು ಅವರೇ ಕಳಿಸಿದ ಸಂದೇಶ ಎಲ್ಲವೂ ನನ್ನ ಬಳಿ ಇವೆ. ದೂರು ನಡೆಯುತ್ತಿರುವುದರಿಂದ ಅಂಗಡಿಯ ಹೆಸರು ಇಲ್ಲಿ ಬರೆದಿಲ್ಲ. ಆದರೆ ಕಂಪನಿಯ ಹೆಸರಿಲ್ಲದೆ ಬರೀ 500 ವಾಟ್, 8 ಓಮ್ ಎಂದು ಬರೆದ ಬಂಗಾರದ ಸ್ಟಿಕ್ಕರ್, ಬಣ್ಣ ಹಚ್ಚಿದ ಸ್ಕ್ರೂ, ಕಪ್ಪು ಕಾರ್ಪೆಟ್, ಇಂಥ ಬಾಕ್ಸ್ ನಿಮ್ಮ ಮನೆಗೂ ಬಂದಿದ್ದರೆ ಇವತ್ತೇ ಜ್ಯಾಕ್‌ಗೆ ಮೀಟರ್ ಹಿಡಿಯಿರಿ. 4 ಓಮ್ ಎಂದು ಕೊಟ್ಟ ಬಾಕ್ಸ್ 2ಕ್ಕಿಂತ ಕಡಿಮೆ ತೋರಿಸಿದರೆ ಆಂಪ್ಲಿಫೈಯರ್‌ಗೆ ಸಿಕ್ಕಿಸಬೇಡಿ. ಸ್ಕ್ರೂ ಮುಟ್ಟುವ ಮೊದಲು ಯಾರನ್ನಾದರೂ ಸಾಕ್ಷಿಗೆ ಕೂರಿಸಿಕೊಂಡು, ಬಿಚ್ಚುವುದನ್ನೆಲ್ಲ ಮೊಬೈಲ್‌ನಲ್ಲಿ ವಿಡಿಯೊ ಮಾಡಿ.